ಡಾಕ್ಟರು ಯಾವಾಗ ಬರುತ್ತಾರೆ?



ಎರಡು ವರ್ಷಗಳ ಹಿಂದಿನ ಮಾತು. ನನ್ನ ದೊಡ್ಡಮ್ಮ ಬಚ್ಚಲಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ 76 ವರ್ಷ. ಊರಿಗೆ ಹತ್ತಿರದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿನ ಮೂಳೆ ತಜ್ಞರು ವಾರಕ್ಕೆ ಎರಡು ದಿನ ಮಾತ್ರ ಬೆಂಗಳೂರಿನಿಂದ ಬರುವವರು. ಉಳಿದ ದಿನಗಳಲ್ಲಿ ಸಂಜೆಯ ಹೊತ್ತು ಅವರು ರೋಗಿಗಳನ್ನು ನೋಡುತ್ತಿದ್ದುದು ವಿಡಿಯೊ ಮೂಲಕ. ಚಕ್ರಗಳಿರುವ ಒಂದು ಸ್ಟ್ಯಾಂಡು, ಅದರ ಮೇಲೆ ಒಂದು ಟ್ಯಾಬ್. ನರ್ಸ್ ಅದನ್ನು ತಳ್ಳಿಕೊಂಡು ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುತ್ತಿದ್ದರು.

ಮೊದಲ ಸಂಜೆ ನಾನು ಪಕ್ಕದಲ್ಲೇ ಇದ್ದೆ. ಡಾಕ್ಟರು ಸಹನೆಯುಳ್ಳವರು. ನೋವು ಹೇಗಿದೆ, ಜ್ವರ ಬಂತೇ, ನಿದ್ದೆ ಬಂತೇ ಎಂದು ಕೇಳಿದರು. ನಾಳೆ ವಾಕರ್ ಹಿಡಿಸಿ ಎಬ್ಬಿಸಿ ನಿಲ್ಲಿಸುತ್ತೇವೆ, ಹೆದರಬೇಡಿ ಎಂದರು. ಐದಾರು ನಿಮಿಷವಾದರೂ ಮಾತನಾಡಿರಬೇಕು. ದೊಡ್ಡಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ಸ್ಟ್ಯಾಂಡು ಪಕ್ಕದ ಹಾಸಿಗೆಗೆ ಹೋಯಿತು. ಅವರು ನನ್ನ ಕಡೆ ತಿರುಗಿ ಮೆಲ್ಲನೆ ಕೇಳಿದರು: "ಅಲ್ಲಪ್ಪಾ, ಡಾಕ್ಟ್ರು ಯಾವಾಗ ಬರ್ತಾರೆ?"

ನಾನು ನಗಲಿಲ್ಲ. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಡಾಕ್ಟರು ಬಂದಿದ್ದರು, ಆದರೆ ರೋಗಿಯ ಪಾಲಿಗೆ ಬಂದಿರಲಿಲ್ಲ. ಇಂದು ನಮ್ಮ ಕುಟುಂಬಗಳಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಇಂತಹ ಭೇಟಿ ಎದುರಾಗುವ ಸಂಭವವಿದೆ. ಆದ್ದರಿಂದ ಇದು ಹೇಗೆ ಬಂತು, ರೋಗಿಗಳು ಇದರ ಬಗ್ಗೆ ಏನು ಹೇಳುತ್ತಾರೆ, ಮನೆಯವರಾದ ನಾವು ಏನು ಮಾಡಬಹುದು ಎಂಬುದನ್ನು ಅರಿತುಕೊಳ್ಳೋಣ.

ಹಾಸಿಗೆಯ ಬಳಿಗೆ ಹೋಗುವುದೇ ವೈದ್ಯವೃತ್ತಿ

'ಕ್ಲಿನಿಕ್' ಎಂಬ ಪದ ನಮಗೆಲ್ಲ ಗೊತ್ತು. ಅದರ ಬೇರು ಗ್ರೀಕ್ ಭಾಷೆಯ 'ಕ್ಲೀನೆ' ಎಂಬ ಪದ. ಅದರ ಅರ್ಥ ಹಾಸಿಗೆ. ಅಂದರೆ ರೋಗಿಯ ಹಾಸಿಗೆಯ ಬಳಿ ನಡೆಯುವ ಕೆಲಸವೇ ವೈದ್ಯಕೀಯ ಎಂಬ ಭಾವನೆ ಆ ಪದದಲ್ಲೇ ಅಡಗಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾದಾಗ ಅಲ್ಲಿನ ಮುಖ್ಯ ವೈದ್ಯರಾಗಿದ್ದ ವಿಲಿಯಂ ಆಸ್ಲರ್ ಅವರು ವಿದ್ಯಾರ್ಥಿಗಳನ್ನು ಪಾಠದ ಕೋಣೆಯಿಂದ ಎಬ್ಬಿಸಿ ರೋಗಿಗಳ ಹಾಸಿಗೆಯ ಬಳಿಗೆ ಕರೆದುಕೊಂಡು ಹೋಗಿ ಕಲಿಸಿದರು. ಇಂದಿಗೂ ಬೆಳಗ್ಗೆ ಹಿರಿಯ ವೈದ್ಯರು, ಕಿರಿಯ ವೈದ್ಯರು, ನರ್ಸ್‌ಗಳು ಗುಂಪಾಗಿ ವಾರ್ಡಿನಲ್ಲಿ ಸುತ್ತುವುದನ್ನು ನಾವು 'ರೌಂಡ್ಸ್' ಎನ್ನುತ್ತೇವೆ. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಾಯಿತೆಂದರೆ ರೋಗಿ ತಲೆಗೂದಲು ಸರಿಮಾಡಿಕೊಳ್ಳುತ್ತಾನೆ, ಮನೆಯವರು ಕುರ್ಚಿಯಿಂದ ಏಳುತ್ತಾರೆ. ದಿನವಿಡೀ ಕಾದದ್ದು ಆ ಎರಡು ನಿಮಿಷಕ್ಕಾಗಿ.

ವೈದ್ಯರಿಗೂ ರೋಗಿಗೂ ನಡುವೆ ಉಪಕರಣವೊಂದು ಬಂದದ್ದು ಇದೇ ಮೊದಲಲ್ಲ. 1816ರಲ್ಲಿ ಪ್ಯಾರಿಸಿನ ವೈದ್ಯ ರೆನೆ ಲೆನೆಕ್ ಅವರಿಗೆ ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳಲು ಸಂಕೋಚವಾಯಿತು. ಅವರು ಕಾಗದವನ್ನು ಸುರುಳಿ ಸುತ್ತಿ, ಒಂದು ತುದಿಯನ್ನು ಎದೆಗೂ ಇನ್ನೊಂದು ತುದಿಯನ್ನು ತಮ್ಮ ಕಿವಿಗೂ ಹಿಡಿದರು. ಹೃದಯದ ಬಡಿತ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ. ವೈದ್ಯರ ಕಿವಿ ರೋಗಿಯಿಂದ ಒಂದು ಗೇಣು ದೂರ ಸರಿಯಿತು. ಆದರೆ ಅವರು ಕೇಳುವುದು ಹೆಚ್ಚಾಯಿತು. ಆದ್ದರಿಂದ ಉಪಕರಣ ಬಂದ ಮಾತ್ರಕ್ಕೆ ಪ್ರೀತಿ ಹೋಯಿತು ಎಂದು ಹೇಳಲಾಗದು. ಆ ಉಪಕರಣವನ್ನು ಹಿಡಿದವರು ಹೇಗೆ ಹಿಡಿದರು ಎಂಬುದು ಮುಖ್ಯ.

ಪರದೆಯ ಮೇಲೆ ರೌಂಡ್ಸ್

2000ದಲ್ಲಿ ಅಮೆರಿಕದ ವರ್ಜೀನಿಯ ರಾಜ್ಯದ ನಾರ್ಫೋಕ್‌ನಲ್ಲಿ ಆಸ್ಪತ್ರೆಯ ತೀವ್ರ ನಿಗಾ ಘಟಕವನ್ನು ದೂರದ ಕೋಣೆಯೊಂದರಿಂದ ತಜ್ಞರು ಕ್ಯಾಮೆರಾ ಮತ್ತು ಕಂಪ್ಯೂಟರ್ ಮೂಲಕ ನೋಡಿಕೊಳ್ಳುವ ಏರ್ಪಾಡು ಆರಂಭವಾಯಿತು. ರಾತ್ರಿ ಹೊತ್ತು ಪ್ರತಿ ಆಸ್ಪತ್ರೆಯಲ್ಲೂ ತಜ್ಞರು ಎಚ್ಚರವಾಗಿರುವುದು ಸಾಧ್ಯವಿಲ್ಲ. ಒಂದೆಡೆ ಕುಳಿತ ತಜ್ಞರೊಬ್ಬರು ಹಲವು ರೋಗಿಗಳ ಹೃದಯಬಡಿತ, ರಕ್ತದೊತ್ತಡ, ಆಮ್ಲಜನಕದ ಅಂಕಿಗಳನ್ನು ಒಮ್ಮೆಗೇ ಗಮನಿಸಬಹುದು ಎಂಬುದು ಇದರ ಹಿಂದಿನ ಯೋಚನೆ.

ನಮ್ಮ ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಣೆಯಾದವು. ಎದೆನೋವೆಂದು ಬಂದ ಹಳ್ಳಿಯ ರೋಗಿಯ ಇಸಿಜಿಯನ್ನು ಬೆಂಗಳೂರಿನ ಹೃದಯ ತಜ್ಞರು ಕುಳಿತಲ್ಲೇ ನೋಡಿ ಸಲಹೆ ಕೊಡುವಂತಾಯಿತು. ಬಸ್ ಹಿಡಿದು ಬೆಂಗಳೂರಿಗೆ ಹೋಗುವಷ್ಟರಲ್ಲಿ ಪ್ರಾಣ ಹೋಗಬಹುದಾದ ಕಡೆ ಇದು ದೊಡ್ಡ ವರವೇ ಸರಿ.

ಇತ್ತ, ಆಸ್ಲರ್ ಅವರು ವಿದ್ಯಾರ್ಥಿಗಳನ್ನು ಹಾಸಿಗೆಯ ಬಳಿಗೆ ಕರೆದೊಯ್ದ ಅದೇ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು, ಹಾಸಿಗೆಯ ಬಳಿ ವೈದ್ಯರ ಬದಲು ಪರದೆ ಬಂದರೆ ರೋಗಿಗೆ ಹೇಗನಿಸುತ್ತದೆ ಎಂದು ಪರೀಕ್ಷಿಸಿದರು. ಚಕ್ರಗಳ ಮೇಲೆ ಓಡಾಡುವ ಒಂದು ಯಂತ್ರ. ಮುಖವಿರಬೇಕಾದ ಕಡೆ ಪರದೆ, ಅದರ ಮೇಲೆ ಕ್ಯಾಮೆರಾ. ವೈದ್ಯರು ಬೇರೆಡೆ ಕುಳಿತು ಅದನ್ನು ನಡೆಸುತ್ತಾ ರೋಗಿಯೊಂದಿಗೆ ಮಾತನಾಡುತ್ತಾರೆ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೂತ್ರಾಂಗಗಳ ಶಸ್ತ್ರಚಿಕಿತ್ಸೆಗೆ ಒಳಗಾದ 85 ರೋಗಿಗಳಿದ್ದರು. ಕೆಲವರಿಗೆ ಎಂದಿನ ರೌಂಡ್ಸ್, ಕೆಲವರಿಗೆ ಅದರ ಜೊತೆಗೆ ವಿಡಿಯೊ ಭೇಟಿ, ಇನ್ನು ಕೆಲವರಿಗೆ ಹಿರಿಯ ವೈದ್ಯರ ಭೇಟಿಯ ಬದಲಿಗೆ ಯಂತ್ರದ ಭೇಟಿ. ಆಶ್ಚರ್ಯವೆಂದರೆ ವಿಡಿಯೊ ಭೇಟಿ ಪಡೆದವರೇ ಹೆಚ್ಚು ತೃಪ್ತಿ ತೋರಿಸಿದರು. ನಮ್ಮ ಡಾಕ್ಟರು ನಮಗೆ ಸಿಗುತ್ತಾರೆ, ವಿಷಯವನ್ನು ಬಿಡಿಸಿ ಹೇಳುತ್ತಾರೆ ಎಂಬ ಭಾವನೆ ಅವರಲ್ಲಿ ಹೆಚ್ಚಾಗಿತ್ತು. ಬಳಿಕ 2007ರಲ್ಲಿ ಮೂರು ಆಸ್ಪತ್ರೆಗಳ 270 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳು ಎಂದಿನ ಭೇಟಿಯವರಲ್ಲಿ ನೂರಕ್ಕೆ 16 ಮಂದಿಗೆ, ಪರದೆಯ ಭೇಟಿಯವರಲ್ಲಿ ನೂರಕ್ಕೆ 13 ಮಂದಿಗೆ ಕಂಡುಬಂದವು. ಅಂದರೆ ವೈದ್ಯರು ಪರದೆಯಲ್ಲಿ ಬಂದದ್ದರಿಂದ ರೋಗಿಗೆ ಹಾನಿಯೇನೂ ಆಗಲಿಲ್ಲ.

ಹಾಗಾದರೆ ನನ್ನ ದೊಡ್ಡಮ್ಮ ಏಕೆ ಹಾಗೆ ಕೇಳಿದರು? ಇಲ್ಲಿ ಒಂದು ಮಾತು ಗಮನಿಸಬೇಕು. ಆ ಅಧ್ಯಯನಗಳ ರೋಗಿಗಳು ಮೊದಲೇ ದಿನ ಗೊತ್ತುಮಾಡಿಕೊಂಡು ಶಸ್ತ್ರಚಿಕಿತ್ಸೆಗೆ ಬಂದವರು. ತಮ್ಮ ಡಾಕ್ಟರ ಪರಿಚಯ ಅವರಿಗೆ ಮೊದಲೇ ಆಗಿತ್ತು. ಬೇಗ ಗುಣವಾಗಿ ಮನೆಗೆ ಹೋಗುವವರು. ಪರದೆಯಲ್ಲಿ ಕಂಡದ್ದು ಪರಿಚಿತ ಮುಖ. ಕೇಳಿದ್ದು ಒಳ್ಳೆಯ ಸುದ್ದಿ. ಈ ಎರಡೂ ಇಲ್ಲದಾಗ ಏನಾಗುತ್ತದೆ?

ಒಂದೇ ಯಂತ್ರ, ಎರಡು ಅನುಭವ

2019ರ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಆಸ್ಪತ್ರೆಯೊಂದರಲ್ಲಿ ನಡೆದ ಘಟನೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಶ್ವಾಸಕೋಶದ ಕಾಯಿಲೆಯಿಂದ ನರಳುತ್ತಿದ್ದ ವೃದ್ಧರೊಬ್ಬರು ತೀವ್ರ ನಿಗಾ ಘಟಕದಲ್ಲಿದ್ದರು. ಜೊತೆಯಲ್ಲಿ ಮೊಮ್ಮಗಳಿದ್ದಳು. ಪರದೆಯಿರುವ ಯಂತ್ರವೊಂದು ಕೋಣೆಯೊಳಕ್ಕೆ ಉರುಳಿಕೊಂಡು ಬಂತು. ಅದರಲ್ಲಿ ಕಾಣಿಸಿಕೊಂಡ ವೈದ್ಯರು ಇನ್ನು ಚಿಕಿತ್ಸೆಗೆ ದಾರಿಯಿಲ್ಲವೆಂದು, ಅವರು ಮನೆಗೆ ಮರಳಲಾಗದೆಂದು ತಿಳಿಸಿದರು. ವೃದ್ಧರಿಗೆ ಒಂದು ಕಿವಿ ಮಂದ. ಯಂತ್ರ ನಿಂತದ್ದು ಆ ಕಿವಿಯ ಕಡೆಗೇ. ಈಚೆ ಬದಿಗೆ ಬರಲು ಅದಕ್ಕೆ ಜಾಗವಿರಲಿಲ್ಲ. ಆದ್ದರಿಂದ ಆ ಮಾತನ್ನು ಅಜ್ಜನಿಗೆ ಮತ್ತೆ ಹೇಳಬೇಕಾದವಳು ಮೊಮ್ಮಗಳೇ! ಇದಕ್ಕೆ ಮುಂಚೆ ವೈದ್ಯರು ನೇರವಾಗಿ ಬಂದು ನೋಡಿದ್ದರೆಂದು ತಿಳಿಸಿದ ಆಸ್ಪತ್ರೆ, ಕುಟುಂಬದ ನಿರೀಕ್ಷೆಗೆ ತಕ್ಕಂತೆ ನಡೆದುಕೊಳ್ಳಲಿಲ್ಲವೆಂದು ವಿಷಾದ ವ್ಯಕ್ತಪಡಿಸಿತು. ಆದರೆ ಆ ಮೊಮ್ಮಗಳ ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನು ಯಾರು ಹಿಂತೆಗೆದುಕೊಳ್ಳಬಲ್ಲರು?

ಇದಾಗಿ ಒಂದು ವರ್ಷವೂ ತುಂಬುವ ಮೊದಲೇ, 2020ರ ಜನವರಿಯಲ್ಲಿ, ಅದೇ ದೇಶದ ವಾಷಿಂಗ್ಟನ್ ರಾಜ್ಯದ ಎವರೆಟ್ ನಗರದ ಪ್ರಾವಿಡೆನ್ಸ್ ಆಸ್ಪತ್ರೆಗೆ ಅಮೆರಿಕದ ಮೊದಲ ಕೋವಿಡ್ ರೋಗಿ ಬಂದರು. ಕನ್ಯಾಸ್ತ್ರೀಯರು ಕಟ್ಟಿ ಬೆಳೆಸಿದ ಆಸ್ಪತ್ರೆಗಳ ಪರಂಪರೆಗೆ ಸೇರಿದ್ದು ಅದು. ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿಟ್ಟಿದ್ದರು. ವೈದ್ಯರು ಹೊರಗೆ ಕುಳಿತು, ಸ್ಟೆತಾಸ್ಕೋಪ್ ಜೋಡಿಸಿದ ಇಂತಹದೇ ಯಂತ್ರದ ಮೂಲಕ ಒಳಗಿನ ರೋಗಿಯನ್ನು ನೋಡಿದರು, ಮಾತನಾಡಿಸಿದರು. ಆ ರೋಗಿ ಗುಣಮುಖರಾಗಿ ಮನೆಗೆ ಹೋದರು.

ಮುಂದೆ ನಮ್ಮಲ್ಲೂ ಆ ದಿನಗಳು ಬಂದವು. ಕೋವಿಡ್ ವಾರ್ಡಿನಲ್ಲಿ ತಲೆಯಿಂದ ಕಾಲಿನವರೆಗೆ ರಕ್ಷಣಾ ಉಡುಪು ತೊಟ್ಟವರು ಬಂದುಹೋಗುತ್ತಿದ್ದರು. ಯಾರು ಡಾಕ್ಟರು, ಯಾರು ನರ್ಸ್, ಯಾರು ಕಸ ಗುಡಿಸುವವರು ಎಂದು ರೋಗಿಗೆ ತಿಳಿಯುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ಕಾಣದು. ಆದರೆ ಫೋನಿನಲ್ಲಿ ಬಂದ ಡಾಕ್ಟರ ಮುಖ, ಮುಗುಳ್ನಗೆ ಕಾಣುತ್ತಿತ್ತು. ಹತ್ತಿರವಿದ್ದವರು ದೂರವಾಗಿ, ದೂರವಿದ್ದವರು ಹತ್ತಿರವಾದ ವಿಚಿತ್ರ ಕಾಲ ಅದು. ಮನೆಯವರು ಕೊನೆಯ ಬಾರಿ ಅಪ್ಪನ ಮುಖ ನೋಡಿದ್ದು ನರ್ಸ್ ಒಬ್ಬರು ಹಿಡಿದುಕೊಂಡ ಫೋನಿನಲ್ಲೇ ಎಂಬ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಅವರಿಗೆ ಆ ಪರದೆ ಬರೀ ಯಂತ್ರವಲ್ಲ.

ಹೌದು ಪ್ರಿಯರೇ, ಒಂದೇ ಬಗೆಯ ಯಂತ್ರ. ಒಂದೆಡೆ ಗಾಯ, ಇನ್ನೊಂದೆಡೆ ಆಸರೆ. ವ್ಯತ್ಯಾಸ ಎಲ್ಲಿದೆ?

ರೋಗಿಗಳು ಹೇಳುವುದೇನು?

ಇಂತಹ ಭೇಟಿ ಪಡೆದ ರೋಗಿಗಳ ಮಾತುಗಳಲ್ಲಿ ಕೆಲವು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ.

ಮೊದಲನೆಯದಾಗಿ, ಮೆಚ್ಚುಗೆಯ ಮಾತು. ತಜ್ಞರಿಗಾಗಿ ದಿನಗಟ್ಟಲೆ ಕಾಯಬೇಕಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರೇ ಸಂಜೆ ಇನ್ನೊಮ್ಮೆ ಕಾಣಿಸಿಕೊಳ್ಳುತ್ತಾರೆ. ದುಬೈಯಲ್ಲಿರುವ ಮಗ, ಮಂಗಳೂರಿನಲ್ಲಿರುವ ಮಗಳು ಅದೇ ಕರೆಗೆ ಸೇರಿಕೊಂಡು ಡಾಕ್ಟರ ಮಾತನ್ನು ತಾವೇ ಕೇಳಬಹುದು. ಒಬ್ಬರು ಕೇಳಿ ಇನ್ನೊಬ್ಬರಿಗೆ ಹೇಳುವಾಗ ಆಗುವ ಗೊಂದಲ ತಪ್ಪುತ್ತದೆ.

ಎರಡನೆಯದಾಗಿ, ಕೊರತೆಯ ಮಾತು. ಡಾಕ್ಟರು ಮುಟ್ಟಲಿಲ್ಲ ಎಂಬುದೇ ಅವುಗಳಲ್ಲಿ ದೊಡ್ಡದು. ನಾಡಿ ಹಿಡಿದು ನೋಡಿದರೆ ಅರ್ಧ ರೋಗ ವಾಸಿ ಎಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಮುಟ್ಟಿದಾಗ ರೋಗಿಗೆ ತನ್ನನ್ನು ಗಮನಿಸಿದರೆಂಬ ನಂಬಿಕೆ ಬರುತ್ತದೆ. ಇನ್ನು ಕೆಲವರಿಗೆ ಧ್ವನಿ ಒಡೆದು ಕೇಳುತ್ತದೆ. ಕೇಳಿಸದಿದ್ದರೂ ಮರ್ಯಾದೆಗೆ ತಲೆಯಾಡಿಸುತ್ತಾರೆ. ಪರದೆಯ ಆಚೆ ಇನ್ನಾರಿದ್ದಾರೋ ಎಂಬ ಅಳುಕು. ಪಕ್ಕದ ಹಾಸಿಗೆಯವರು ಎಲ್ಲ ಕೇಳಿಸಿಕೊಳ್ಳುತ್ತಾರೆಂಬ ನಾಚಿಕೆ. ವಯಸ್ಸಾದವರಿಗೆ, ಅದರಲ್ಲೂ ಜ್ವರ ಮತ್ತು ಔಷಧಿಯ ಮಂಪರಿನಲ್ಲಿರುವವರಿಗೆ, ಇದು ಟಿ.ವಿ.ಯೋ ನಿಜವಾದ ಡಾಕ್ಟರೋ ಎಂಬ ಗಲಿಬಿಲಿ.

ಮೂರನೆಯದಾಗಿ, ಸಮಯದ ಲೆಕ್ಕ. ಇದಕ್ಕೆ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂದು ಅಧ್ಯಯನವನ್ನು ನೆನೆಯಬೇಕು. ಅದು ಪ್ರಕಟವಾದದ್ದು 2012ರಲ್ಲಿ. ಅಲ್ಲಿ ವಿಡಿಯೊ ಇರಲಿಲ್ಲ, ವೈದ್ಯರೇ ಬಂದಿದ್ದರು. ಕೆಲವು ರೋಗಿಗಳ ಬಳಿ ವೈದ್ಯರು ನಿಂತು ಮಾತನಾಡಿದರು, ಕೆಲವರ ಬಳಿ ಕುಳಿತು ಮಾತನಾಡಿದರು. ಕುಳಿತದ್ದು ಸರಾಸರಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಮಾತ್ರ. ನಿಂತದ್ದು ಸುಮಾರು ಒಂದೂವರೆ ನಿಮಿಷ. ಆದರೆ ಎಷ್ಟು ಹೊತ್ತು ಇದ್ದರೆಂದು ರೋಗಿಗಳನ್ನು ಕೇಳಿದಾಗ, ಕುಳಿತ ವೈದ್ಯರು 5 ನಿಮಿಷಕ್ಕೂ ಹೆಚ್ಚು ಇದ್ದರೆಂದೂ ನಿಂತವರು 4 ನಿಮಿಷಕ್ಕಿಂತ ಕಡಿಮೆ ಇದ್ದರೆಂದೂ ಅವರಿಗೆ ಅನಿಸಿತ್ತು. ರೋಗಿ ಗಡಿಯಾರ ನೋಡುವುದಿಲ್ಲ. ನನಗಾಗಿ ಇವರು ಕುಳಿತರೇ ಎಂದು ನೋಡುತ್ತಾನೆ.

ಇದರಿಂದ ನಮಗೆ ತಿಳಿಯುವುದಿಷ್ಟೆ. ಭೇಟಿ ಎಂದರೆ ಬರೀ ಮಾಹಿತಿ ಮುಟ್ಟಿಸುವುದಲ್ಲ. ಎದುರಿಗೇ ನಿಂತ ಡಾಕ್ಟರೂ ಕಡತ ನೋಡುತ್ತಾ ಎರಡು ಮಾತು ಎಸೆದು ಹೋದರೆ ಅದು ಭೇಟಿಯಲ್ಲ. ದೂರದ ಡಾಕ್ಟರು ಪರದೆಯಿಂದಲೇ ಹೆಸರು ಹಿಡಿದು ಕರೆದು, ಕಾದು, ಕೇಳಿಸಿಕೊಂಡರೆ ಅದು ಭೇಟಿಯಾದೀತು. ಆದರೆ ಅದಕ್ಕೆ ಹಾಸಿಗೆಯ ಈಚೆ ಬದಿಯಲ್ಲಿ ಒಬ್ಬ ಮನುಷ್ಯ ಬೇಕು. ಪರದೆ ವೈದ್ಯರ ಕಣ್ಣನ್ನೂ ಮಾತನ್ನೂ ತರಬಲ್ಲದು, ಕೈಯನ್ನು ತರಲಾರದು. ಆ ಕೈ ನರ್ಸ್‌ನದು, ಇಲ್ಲವೇ ನಮ್ಮದು.

ನಾವು ಮಾಡಬಹುದಾದದ್ದು

ನಿಮ್ಮ ಮನೆಯವರೊಬ್ಬರು ಆಸ್ಪತ್ರೆಯಲ್ಲಿದ್ದು, ಡಾಕ್ಟರು ವಿಡಿಯೊ ಮೂಲಕ ನೋಡುವವರಿದ್ದರೆ, ಈ ಕೆಲವು ಸಣ್ಣ ಕೆಲಸಗಳನ್ನು ಮರೆಯಬೇಡಿ.

ಭೇಟಿಗೆ ಮುಂಚೆಯೇ ರೋಗಿಗೆ ತಿಳಿಸಿ: ಇಷ್ಟು ಹೊತ್ತಿಗೆ ಇಂತಹ ಡಾಕ್ಟರು ಫೋನಿನಲ್ಲಿ ಕಾಣುತ್ತಾರೆ, ಅವರು ನಿಮ್ಮನ್ನು ನೋಡುತ್ತಾರೆ, ನೀವೂ ಅವರನ್ನು ನೋಡಬಹುದು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಇದ್ದರೆ ಹಾಕಿಸಿ. ಪರದೆಯನ್ನು ಕಾಲಿನ ಬಳಿ ನಿಲ್ಲಿಸದೆ, ಚೆನ್ನಾಗಿ ಕೇಳಿಸುವ ಕಿವಿಯ ಕಡೆ ಹತ್ತಿರ ತನ್ನಿ. ಹಿಂದಿನ ಕಿಟಕಿಯ ಬೆಳಕಿನಿಂದ ರೋಗಿಯ ಮುಖ ಡಾಕ್ಟರಿಗೆ ಕಪ್ಪಾಗಿ ಕಾಣದಂತೆ ನೋಡಿಕೊಳ್ಳಿ. ರೋಗಿ ಕೇಳಬೇಕೆಂದಿರುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಡಿ. ಅವರ ಪ್ರಶ್ನೆಯನ್ನು ಅವರೇ ಕೇಳಲಿ, ನಾವು ಮಧ್ಯೆ ಬಾಯಿ ಹಾಕುವುದು ಬೇಡ. ಭೇಟಿ ಮುಗಿದ ಮೇಲೆ "ಡಾಕ್ಟ್ರು ಏನಂದ್ರು?" ಎಂದು ಅವರನ್ನೇ ಕೇಳಿ. ಆಗ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಭಾರತದಲ್ಲಿ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಕುರಿತ ಮಾರ್ಗಸೂಚಿಗಳು ಪ್ರಕಟವಾದವು. ಅವುಗಳ ಪ್ರಕಾರ ದೂರದಿಂದ ಸಲಹೆ ಕೊಡುವ ವೈದ್ಯರು ತಾವು ಯಾರೆಂಬುದನ್ನು ರೋಗಿಗೆ ತಿಳಿಸಬೇಕು. ರೋಗಿಯ ಒಪ್ಪಿಗೆ ಇರಬೇಕು. ಯಾವ ಹಂತದಲ್ಲಾದರೂ ರೋಗಿ ಅದನ್ನು ನಿಲ್ಲಿಸಬಹುದು. ಆದ್ದರಿಂದ "ಡಾಕ್ಟ್ರೇ, ಈ ವಿಷಯವನ್ನು ಎದುರಿಗೆ ಕುಳಿತು ಮಾತನಾಡೋಣವೇ?" ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. ಕೆಟ್ಟ ಸುದ್ದಿ ಇರಬಹುದೆಂಬ ಸುಳಿವು ಸಿಕ್ಕರೆ, ಆಸ್ಪತ್ರೆಯಲ್ಲೇ ಇರುವ ವೈದ್ಯರೊಬ್ಬರು ಬಂದು ಹೇಳುವಂತೆ ಮೊದಲೇ ಕೋರಿಕೊಳ್ಳಿ. ಅದೂ ಆಗದಿದ್ದರೆ, ರೋಗಿಯ ಕೈ ಹಿಡಿದುಕೊಳ್ಳಲು ಮನೆಯವರೊಬ್ಬರು ಅಲ್ಲಿರಲಿ.

ಯಾರೂ ಇಲ್ಲದ ರೋಗಿಗಳೂ ಇರುತ್ತಾರೆ. ಮಕ್ಕಳು ಪರದೇಶದಲ್ಲಿ, ಜೊತೆಗಾರರು ಇಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು, ಯುವಜನರು ರೋಗಿಗಳನ್ನು ನೋಡಲು ಹೋಗುವ ರೂಢಿಯಿದೆ. ಹಣ್ಣು ಕೊಟ್ಟು ಬರುವುದರ ಜೊತೆಗೆ, ಡಾಕ್ಟರ ವಿಡಿಯೊ ಭೇಟಿಯ ಹೊತ್ತಿಗೆ ಒಬ್ಬರು ರೋಗಿಯ ಒಪ್ಪಿಗೆ ಪಡೆದು ಪಕ್ಕದಲ್ಲಿ ಕುಳಿತರೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಕೊನೆಯದಾಗಿ, ದೊಡ್ಡಮ್ಮನ ಕತೆಗೆ ಬರುತ್ತೇನೆ. ಅವರು ಕೇಳಿದ್ದನ್ನು ನಾನು ಅಲ್ಲಿನ ಹಿರಿಯ ನರ್ಸ್ ಒಬ್ಬರಿಗೆ ಹೇಳಿದೆ. ಮರುದಿನ ಸಂಜೆ ಅವರೇ ಬಂದರು. "ಅಮ್ಮಾ, ಈಗ ನಿಮ್ಮ ಡಾಕ್ಟ್ರು ಫೋನಲ್ಲಿ ಬರ್ತಾರೆ, ಕನ್ನಡಕ ಹಾಕ್ಕೊಳ್ಳಿ" ಎಂದು ತಾವೇ ಹಾಕಿಸಿದರು. ಹಾಸಿಗೆಯ ತಲೆಭಾಗ ಎತ್ತರಿಸಿ, ಸ್ಟ್ಯಾಂಡನ್ನು ಬಲಗಡೆಗೆ ತಂದು, ಸ್ಟೂಲ್ ಎಳೆದುಕೊಂಡು ಕುಳಿತರು. ಡಾಕ್ಟರು ಕಾಲನ್ನು ಒತ್ತಿ ನೋಡಲು ಹೇಳಿದಾಗ, "ಡಾಕ್ಟ್ರು ಇಲ್ಲಿ ಮುಟ್ಟಿ ನೋಡು ಅಂತಿದ್ದಾರಮ್ಮ, ನೋವಾದ್ರೆ ಹೇಳಿ" ಎಂದು ಮೆಲ್ಲನೆ ಮುಟ್ಟಿದರು. ದೊಡ್ಡಮ್ಮ ಧೈರ್ಯ ಮಾಡಿ ಪರದೆಯನ್ನು ನೋಡಿ ಕೇಳಿದರು: "ಡಾಕ್ಟ್ರೇ, ಮನೆ ಮೆಟ್ಟಿಲು ಹತ್ತೋಕೆ ಆಗುತ್ತಾ ನನಗೆ?" ಡಾಕ್ಟರು ನಕ್ಕು, "ಹತ್ತಿಸೋಣಮ್ಮ, ಆದರೆ ಈ ತಿಂಗಳು ಬೇಡ" ಎಂದರು.

ಅಂದು ಮಾತು ನಡೆದದ್ದು ಮೊದಲ ದಿನಕ್ಕಿಂತ ಕಡಿಮೆ ಹೊತ್ತೇ ಇರಬೇಕು. ರಾತ್ರಿ ಅವರ ಮಗಳು ಫೋನ್ ಮಾಡಿದಳು. ದೊಡ್ಡಮ್ಮ ಅವಳಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: "ಇವತ್ತು ಡಾಕ್ಟ್ರು ಬಂದಿದ್ರಮ್ಮ. ಚೆನ್ನಾಗಿ ನೋಡಿದ್ರು."